ಹಾಡು ಕೊಡಿ, ಹಕ್ಕು ಕೊಡಬೇಡಿ

ಅಮೆರಿಕದ ಮದುವೆಗಳಲ್ಲಿ ಹಾಕುವ ಒಂದು ಪ್ರೇಮಗೀತೆ ಇದೆ. ಅಸಲಿಗೆ ಅದು ಕೂಡುವವರ ಹಾಡಲ್ಲ, ಬಿಟ್ಟು ಹೋಗುವವರ ಹಾಡು. ಹೆಸರು ‘ಐ ವಿಲ್ ಆಲ್ವೇಸ್ ಲವ್ ಯೂ’. ನಮ್ಮ ಓದುಗರಲ್ಲೂ ಕೆಲವರು ಮೊಬೈಲಿನಲ್ಲಿ ಇದನ್ನು ಕೇಳಿರಬಹುದು. ಇದರ ಹಿಂದಿನ ಕಥೆ ಮಾತ್ರ ನಮ್ಮೂರ ಹಾಡುಗಾರರೆಲ್ಲ ಕೇಳಬೇಕಾದದ್ದು.

ಬರೆದವರು ಡಾಲಿ ಪಾರ್ಟನ್. 1946ರಲ್ಲಿ ಟೆನ್ನೆಸ್ಸಿ ರಾಜ್ಯದ ಗುಡ್ಡಗಾಡಿನಲ್ಲಿ ಹುಟ್ಟಿದವರು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ತಂಬಾಕು ಬೆಳೆಯುವ ರೈತ, ಓದು ಬರಹ ಬಾರದವರು. ಇಂಥ ಹಳ್ಳಿಗಳಿಂದ ಗಿಟಾರ್, ಪಿಟೀಲು ಹಿಡಿದು ಬಂದ ಸಂಗೀತಕ್ಕೇ ಅಲ್ಲಿ ‘ಕಂಟ್ರಿ’ ಅನ್ನುತ್ತಾರೆ.

1967ರಲ್ಲಿ ಡಾಲಿ, ಪೋರ್ಟರ್ ವ್ಯಾಗನರ್ ಎಂಬ ಹೆಸರಾಂತ ಗಾಯಕರ ಟಿವಿ ಕಾರ್ಯಕ್ರಮ ಸೇರಿದರು. ಹೆಸರು ಬಂತು. ಕೆಲವು ವರ್ಷಗಳ ನಂತರ ಸ್ವಂತ ದಾರಿ ಹಿಡಿಯಬೇಕು ಅನ್ನಿಸಿತು. ಪೋರ್ಟರ್ ಒಪ್ಪಲಿಲ್ಲ, ಜಗಳವಾಯಿತು. ಬಾಯಿಮಾತಿನಲ್ಲಿ ಬಗೆಹರಿಯದ್ದನ್ನು ಡಾಲಿ 1973ರಲ್ಲಿ ಹಾಡು ಮಾಡಿ ಅವರೆದುರು ಹಾಡಿದರು. ಕೇಳಿ ಪೋರ್ಟರ್ ಕಣ್ಣೀರು ಹಾಕಿದರು ಎಂದು ಡಾಲಿ ಹೇಳಿದ್ದಾರೆ. ಅಂದರೆ ಇದು ನಲ್ಲನಿಗೆ ಬರೆದ ಹಾಡಲ್ಲ. ಕೈ ಹಿಡಿದು ಮೇಲೆತ್ತಿದ ಹಿರಿಯರಿಗೆ ಹೇಳಿದ ವಿದಾಯ.

1974ರಲ್ಲಿ ಹಾಡು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಗ ಎಲ್ವಿಸ್ ಪ್ರೀಸ್ಲಿಗೂ ಇದನ್ನು ಹಾಡುವ ಆಸೆಯಾಯಿತು. ಆ ಕಾಲಕ್ಕೆ ಎಲ್ವಿಸ್ ಅಂದರೆ ಗಾಯಕರ ರಾಜ. ಡಾಲಿ ಹಿರಿಹಿರಿ ಹಿಗ್ಗಿದರು. ಆದರೆ ಎಲ್ವಿಸ್ ಮ್ಯಾನೇಜರ್ ಒಂದು ಷರತ್ತು ಹಾಕಿದರು: ಹಾಡಿನ ಪ್ರಕಾಶನ ಹಕ್ಕಿನಲ್ಲಿ ಅರ್ಧ ಪಾಲು ಬರೆದುಕೊಡಬೇಕು. ಡಾಲಿ ಆಗುವುದಿಲ್ಲ ಅಂದರು. ಆ ರಾತ್ರಿಯಿಡೀ ಅತ್ತೆ ಎಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಂದ ಲಕ್ಷ್ಮಿಯನ್ನು ಒದ್ದಳು ಎಂದು ಆಡಿಕೊಂಡವರೂ ಇದ್ದರು.

1982ರಲ್ಲಿ ಡಾಲಿ ಅದನ್ನೇ ಸಿನಿಮಾವೊಂದಕ್ಕೆ ಮತ್ತೆ ಹಾಡಿದರು, ಮತ್ತೆ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನ. 1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ವಿಟ್ನಿ ಹ್ಯೂಸ್ಟನ್ ಹಾಡಿದರು. ಆಗ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಜಗತ್ತೆಲ್ಲ ಅದು ವಿಟ್ನಿಯ ಹಾಡು ಅಂದಿತು. ಹಾಡಿನ ಹೆಸರು ವಿಟ್ನಿಗೆ ಹೋದರೂ ಬರೆದವರ ಹಕ್ಕಿನ ಹಣ ಡಾಲಿಗೇ ಬಂತು.

ಯಾರು ಚೆನ್ನಾಗಿ ಹಾಡಿದರು ಎಂಬ ಜಗಳ ಇವತ್ತಿಗೂ ಇದೆ. ನಮ್ಮ ಪ್ರಕಾರ ಆ ಜಗಳಕ್ಕಿಂತ ದೊಡ್ಡ ಪ್ರಶ್ನೆ, ಹಾಡು ಯಾರ ಕೈಯಲ್ಲಿ ಉಳಿಯಿತು ಅನ್ನುವುದು.

ಈಗ ನಮ್ಮ ಕಡೆ ನೋಡಿ. ಉತ್ತರ ಕರ್ನಾಟಕದ ಜಾನಪದ ಧಾಟಿಯ ಪ್ರೇಮಗೀತೆಗಳು ಟ್ರ್ಯಾಕ್ಟರ್‌ಗಳಲ್ಲಿ, ಜಾತ್ರೆಗಳಲ್ಲಿ, ಯೂಟ್ಯೂಬಿನಲ್ಲಿ ಮೊಳಗುತ್ತಿವೆ. ಬರೆದವರು ಕೊನೆಯ ನುಡಿಯಲ್ಲಿ ತಮ್ಮ ಹೆಸರು, ಊರು ಸೇರಿಸುತ್ತಾರೆ. ಲಾವಣಿ ಕಾಲದಿಂದ ಬಂದ ಒಳ್ಳೆಯ ರೂಢಿ ಅದು. ಆದರೆ ಅಂಕಿತದಿಂದ ಹೆಸರು ಉಳಿಯುತ್ತದೆ, ಹಕ್ಕು ಉಳಿಯುವುದಿಲ್ಲ. ಹಕ್ಕು ಉಳಿಯುವುದೂ ಹೋಗುವುದೂ ನೀವು ಸಹಿ ಹಾಕುವ ಕಾಗದದಲ್ಲಿ.

ಚಾನೆಲ್‌ನವರು ಹಾಕದಿದ್ದರೆ ನಮ್ಮ ಹಾಡು ಯಾರು ಕೇಳುತ್ತಾರೆ ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಮಾತು. ದೊಡ್ಡ ದನಿ, ದೊಡ್ಡ ಚಾನೆಲ್ ಇಲ್ಲದೆ ಹಾಡು ದೂರ ಹೋಗದು. ಆದರೆ ಹಾಡಲು ಅನುಮತಿ ಕೊಡುವುದು ಬೇರೆ, ಹಾಡನ್ನೇ ಬರೆದುಕೊಡುವುದು ಬೇರೆ. ಹೊಲ ಲಾವಣಿಗೆ ಕೊಡುವುದಕ್ಕೂ ಖರೀದಿ ಪತ್ರ ಮಾಡಿಕೊಡುವುದಕ್ಕೂ ಇರುವಷ್ಟೇ ಅಂತರ. ಡಾಲಿ ವಿಟ್ನಿಗೆ ಕೊಟ್ಟದ್ದು ಲಾವಣಿ. ಎಲ್ವಿಸ್ ಕಡೆಯವರು ಕೇಳಿದ್ದು ಹೊಲದ ಅರ್ಧ.

ಕಾನೂನೂ ನಮ್ಮ ಪರ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹೊಸದಾಗಿ ಬರೆದ ಹಾಡಿಗೆ ನೋಂದಣಿ ಇಲ್ಲದೆಯೂ ಹಕ್ಕು ಇರುತ್ತದೆ. ಅದು ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ನಡೆಯುತ್ತದೆ. ಹಕ್ಕಿನ ವರ್ಗಾವಣೆಗೆ ಬರಹ ಮತ್ತು ಸಹಿ ಬೇಕೇ ಬೇಕು, ಬಾಯಿಮಾತು ಸಾಲದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ ಎಂದು ಲೆಕ್ಕ. 2012ರ ತಿದ್ದುಪಡಿ ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಪಾಲು ಕಾಯ್ದಿರಿಸಿದೆ. ಹಳೆಯ ಜಾನಪದ ಧಾಟಿ ಯಾರ ಆಸ್ತಿಯೂ ಅಲ್ಲ. ಅದಕ್ಕೆ ನೀವು ಕಟ್ಟಿದ ಮಾತು ನಿಮ್ಮ ಆಸ್ತಿ.

ಹಾಗಾಗಿ ಹಾಡು ಬರೆಯುವ ತಮ್ಮಂದಿರಿಗೆ, ತಂಗಿಯರಿಗೆ ನಾವು ಹೇಳುವುದು ಇಷ್ಟೇ. ಬರೆದ ದಿನವೇ ತಾರೀಖು ಹಾಕಿ ಹಾಡನ್ನು ಎತ್ತಿಡಿ. ಅವಧಿ ಎಷ್ಟು, ಹಣ ಎಷ್ಟು, ಪಾಲು ಎಷ್ಟು ಎಂದು ಕಾಗದದಲ್ಲಿ ಬರೆಸಿ. ಓದದೆ ಸಹಿ ಹಾಕಬೇಡಿ. ಓದಲು ಬಾರದ ರೈತನ ಮಗಳೇ ಅಷ್ಟು ದೊಡ್ಡವರಿಗೆ ಇಲ್ಲ ಅಂದಳು. ನಮಗೆ ಓದಲು ಬರುತ್ತದೆ.