ಪಾಪೋಪದೇಶವೆನ್ನುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶ್ರಾವಕ ಮನೆಗಳ ಮಕ್ಕಳು ವೈದ್ಯಕೀಯ, ಎಂಜಿನಿಯರಿಂಗ್ ಓದುವುದಾದರೆ ಸಹಾಯಧನಕ್ಕೆ ಯಾರ ಅಡ್ಡಿಯೂ ಇಲ್ಲ. ಅದೇ ಮನೆಯ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಕರಾವಳಿಗೆ ಹೋಗಿ ಕಡಲ ನೀತಿಯನ್ನೂ ಬಡ ಮೀನುಗಾರರ ಹಕ್ಕನ್ನೂ ಅಭ್ಯಸಿಸುವೆನೆಂದು ಅರ್ಜಿ ಹಾಕಿದರೆ? ಪಾಪೋಪದೇಶಕ್ಕೆ ಬಸದಿಯ ಹಣವೆ ಎಂದು ಹುಬ್ಬೇರಿಸುವವರೇ ಹೆಚ್ಚು.

ಈ ಆಕ್ಷೇಪವನ್ನು ನಾನು ಒಪ್ಪಲಾರೆ. ಅನರ್ಥದಂಡದ ಐದು ಬಗೆಗಳಲ್ಲಿ ಪಾಪೋಪದೇಶ ಒಂದೆಂಬುದು ದಿಟ. ಪ್ರಯೋಜನವಿಲ್ಲದೆ ಜೀವಹಾನಿ ಮಾಡುವ ಪ್ರಮಾದಚರ್ಯೆಯೂ ಅದೇ ಐದರಲ್ಲಿದೆಯಲ್ಲ! ಟ್ರಾಲರಿನ ಎಳೆಬಲೆಗೆ ಸಿಕ್ಕಿ ಸತ್ತ ಲೆಕ್ಕವಿಲ್ಲದ ಮರಿಮೀನುಗಳು ಹಿಟ್ಟಿನ ಕಾರ್ಖಾನೆ ಸೇರಿ ಕೋಳಿಗೆ, ಸಿಗಡಿಗೆ ಆಹಾರವಾಗುತ್ತವೆ. ಇದನ್ನು ತಗ್ಗಿಸುವ ಕಾನೂನನ್ನು ಕಲಿಯುವುದು ಪಾಪವಾದೀತು ಹೇಗೆ?

ಮೀನು ಮೊಟ್ಟೆಯಿಡುವ ಕಾಲವೆಂದು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಮ್ಮ ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನಿಲ್ಲುವುದೂ ಮಳೆಗಾಲದ ಜೀವರಾಶಿಯನ್ನು ನೆನೆದೇ. (ಎರಡೂ ಸಮವೆಂದು ನಾನು ಹೇಳುತ್ತಿಲ್ಲ.) ಆಳಸಮುದ್ರದಲ್ಲಿ ದೀಪ ಹಾಯಿಸಿ ಮೀನು ಬಾಚುವುದನ್ನೂ ಜೋಡಿ ಟ್ರಾಲರುಗಳ ಬಲೆಯನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಾಡದೋಣಿಯವನ ಪಾಲನ್ನು ದೊಡ್ಡವರು ದೋಚುವುದು ಪರಿಗ್ರಹವಲ್ಲದೆ ಮತ್ತೇನು?

ನಮಗೆಲ್ಲಿಯ ಕಡಲು ಎನ್ನುವಿರಾ? ನವಿಲುತೀರ್ಥದ ಮಲಪ್ರಭಾ ಜಲಾಶಯದಲ್ಲೂ ಬಲೆ ಬೀಳುತ್ತದೆ. ನಮ್ಮ ಹೊಲಗಳಿಗೆ ಹರಿಯುವುದು ಅದೇ ನೀರು.

ಆಹಾರದ ವ್ರತವನ್ನು ಹುಡುಗಿ ಮಲ್ಪೆಯಲ್ಲೂ ಪಾಲಿಸಬಲ್ಲಳು. ಬಸ್ಸಿನ ಖರ್ಚನ್ನೂ ಕೋಣೆಯ ಬಾಡಿಗೆಯನ್ನೂ ವಿಶ್ವಸ್ಥರು ಕೊಡಲಿ. ಬೇಸಿಗೆಗೆ ಮುಂಚಿನ ಸಭೆಯಲ್ಲೇ ಈ ವಿಷಯ ಚರ್ಚೆಗೆ ಬರಬೇಕು.