ಹೊಸ್ತಿಲ ಹೊರಗಿನ ಪಾದರಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಮದುವೆಯ ಮನೆಯನ್ನು ಹುಡುಕುವವರು ಯಾರನ್ನೂ ಕೇಳಬೇಕಾಗಿಲ್ಲ. ಯಾವ ಮನೆಯ ಮುಂದೆ ಪಾದರಕ್ಷೆಗಳ ರಾಶಿ ಬಿದ್ದಿದೆಯೋ ಅದೇ ಮದುವೆಯ ಮನೆ. ಮಠದ ಮೆಟ್ಟಿಲು, ಗುಡಿಯ ಕಟ್ಟೆ, ದರ್ಗೆಯ ಬಾಗಿಲು, ಎಲ್ಲೆಡೆಯೂ ಇದೇ ನೋಟ. ಮನುಷ್ಯನು ದಿನಕ್ಕೆ ಎಷ್ಟೋ ಸಲ ಹೊಸ್ತಿಲು ದಾಟುತ್ತಾನೆ. ದಾಟಿದಾಗಲೆಲ್ಲ ಕಾಲನ್ನು ಬರಿದು ಮಾಡಬೇಕೆಂಬುದು ಈ ನಾಡಿನ ನಡೆ. ಹೀಗಿರುವಲ್ಲಿ ದಾರ ಬಿಗಿದು ಗಂಟು ಹಾಕುವ ಬೂಟು ಹೇಗೆ ತಾನೇ ಮನೆಮಾತಾದೀತು? ಕಾಲು ತೂರಿಸಿದರೆ ಏರಬೇಕು, ಕೊಡವಿದರೆ ಇಳಿಯಬೇಕು. ಅಂಥ ಪಾದರಕ್ಷೆಯೇ ಇಲ್ಲಿಯ ಜನರಿಗೆ ಒಪ್ಪಿಗೆಯಾದದ್ದು.

ಇದಕ್ಕೆ ಕನ್ನಡದಲ್ಲಿರುವ ಹೆಸರುಗಳಾದರೂ ಎಷ್ಟು! ಪಾದುಕೆ, ಹಾವುಗೆ, ಕೆರ, ಮೆಟ್ಟು, ಜೋಡು. ಬೆಳಗಾವಿ ವಿಜಯಪುರಗಳ ಹಳ್ಳಿಗಳಲ್ಲಿ ಕಾಲ್ಮರಿ. ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ಭರತನು ರಾಜ್ಯವಾಳಿದ ಕಥೆಯನ್ನು ಅರಿಯದವರಿಲ್ಲ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಮರದ ಗುಬುಟನ್ನು ಹಿಡಿದು ನಡೆಯುವ ಆ ಹಾವುಗೆಗೂ ದಾರವಿಲ್ಲ, ಗಂಟಿಲ್ಲ. ಚಳಿಯ ದೇಶಗಳಿಗೂ ಇಂಥ ಜೋಡಿನ ಆಸೆ ತಪ್ಪಲಿಲ್ಲ. ನಾರ್ವೆಯ ಆರ್ಲಂಡ್ ಎಂಬ ಊರಿನಲ್ಲಿ 1930ರ ಸುಮಾರಿಗೆ ರೂಪುಗೊಂಡ ದಾರವಿಲ್ಲದ ಬೂಟಿನ ಮಾದರಿಯನ್ನು ಅನುಸರಿಸಿ ಅಮೆರಿಕದ ಕಂಪನಿಯೊಂದು 1936ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಂಥ ಬೂಟಿಗೆ ಅಲ್ಲಿ ಬಿದ್ದ ಹೆಸರು ಲೋಫರ್, ಅಂದರೆ ಸೋಮಾರಿಯಾಗಿ ಅಲೆಯುವವನು. ಅದೇ ಶಬ್ದವು ಇಲ್ಲಿಗೆ ಬಂದು ಬೈಗುಳವಾಗಿ ಉಳಿಯಿತು. ಬೂಟು ಬಂದದ್ದು ಆಮೇಲೆ!

ಆದರೆ ಬೆಳಗಾವಿ ಸೀಮೆಯವರು ಸುಖದ ಪಾದರಕ್ಷೆಯನ್ನು ಅರಿಯಲು ನಾರ್ವೆಯವರೆಗೆ ಹೋಗಬೇಕಾಗಿಲ್ಲ. ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲಿ ತಲೆತಲಾಂತರದಿಂದ ತಯಾರಾಗುತ್ತಿರುವ, ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯೇ ಸಾಕು. ನೋಡುವುದಕ್ಕೆ ಅದು ಬಹು ಸರಳವಾದ ವಸ್ತು: ಒಂದು ಅಟ್ಟೆ, ಮೇಲೊಂದು ಪಟ್ಟಿ, ಹೆಬ್ಬೆರಳನ್ನು ಹಿಡಿಯುವ ಉಂಗುಟ, ಎರಡು ಬದಿಗೆ ಕಿವಿಗಳಂತೆ ಚಾಚಿದ ತೊಗಲು. ಈ ಸರಳತೆಯ ಹಿಂದಿರುವ ದುಡಿಮೆ ಮಾತ್ರ ಸರಳವಲ್ಲ. ಮೊದಲು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲು ತೆಗೆಯಬೇಕು. ಬಳಿಕ ಅದನ್ನು ಚೀಲದಂತೆ ಹೊಲಿದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರು ನೀರನ್ನು ತುಂಬಿ ತೂಗುಹಾಕಬೇಕು. ಆ ಒಗರು ತೊಗಲಿನ ಎಳೆ ಎಳೆಗೂ ಇಳಿದು ಅದನ್ನು ಕೊಳೆಯದಂತೆ ಕಾಪಾಡುತ್ತದೆ. ಚಪ್ಪಲಿಗೆ ಅದರದೇ ಆದ ಕಂದು ಬಣ್ಣವೂ ಪರಿಮಳವೂ ಬರುವುದು ಇದರಿಂದಲೇ. ಈ ಹದಮಾಡುವ ಕೆಲಸವು ವಾರಗಟ್ಟಲೆ ಹಿಡಿಯುತ್ತದೆ. ಅವಸರಪಟ್ಟರೆ ತೊಗಲು ಕೆಡುತ್ತದೆ.

ಅನಂತರ ಗಂಡಸರು ರಂಪಿಗೆಯಿಂದ ತೊಗಲನ್ನು ಕೊಯ್ದು ಅಟ್ಟೆಯ ಪದರಗಳನ್ನು ಬಡಿದು ಕೂಡಿಸುತ್ತಾರೆ. ಪಟ್ಟಿಯ ಮೇಲಿನ ಹೆಣಿಗೆ, ನವಿರಾದ ಹೊಲಿಗೆ, ಅಂದದ ಗೊಂಡೆ, ಇವು ಹೆಚ್ಚಾಗಿ ಹೆಂಗಸರ ಕೈಕೆಲಸ. ಇಡೀ ಚಪ್ಪಲಿಯಲ್ಲಿ ಒಂದು ಕಬ್ಬಿಣದ ಮೊಳೆಯೂ ಇರುವುದಿಲ್ಲ. ತೊಗಲನ್ನು ಹೊಲಿದಿರುವುದು ತೊಗಲಿನ ಎಳೆಯಿಂದಲೇ. ಆದಕಾರಣ ಅದು ಮೆಟ್ಟಿದವನ ಪಾದದ ಜೊತೆಗೆ ಬಾಗುತ್ತದೆ, ಬೆವರನ್ನು ಹೀರುತ್ತದೆ, ಗಾಳಿಗೆ ಎಡೆ ಕೊಡುತ್ತದೆ. ಹೊಸತರಲ್ಲಿ ಅದು ಕಚ್ಚುವುದೂ ಉಂಟು. ಎಣ್ಣೆ ಸವರಿ ಕೆಲವು ದಿನ ತಾಳಿಕೊಳ್ಳಬೇಕು. ಆಮೇಲೆ ಪಾದದ ಅಚ್ಚು ಅಟ್ಟೆಯ ಮೇಲೆ ಮೂಡಿ, ಚಪ್ಪಲಿಯು ಆ ಒಬ್ಬನಿಗೇ ಹೇಳಿ ಮಾಡಿಸಿದಂತಾಗುತ್ತದೆ. ಬೇಸಗೆಯ ಬಿಸಿಲಿನಲ್ಲಿ ನಡೆಯುವವರಿಗೆ ಇದಕ್ಕಿಂತ ತಂಪಾದ ಪಾದರಕ್ಷೆ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು.

ಇಷ್ಟೆಲ್ಲ ಬೆಳಗಾವಿಯ ಕೈಗಳಲ್ಲಿಯೂ ನಡೆಯುವಾಗ ಹೆಸರು ಕೊಲ್ಹಾಪುರಕ್ಕೆ ಸಂದುದು ಏಕೆ? ಅದು ಸಂಸ್ಥಾನದ ರಾಜಧಾನಿ, ದೊಡ್ಡ ಪೇಟೆ. ಅಲ್ಲಿಯ ಛತ್ರಪತಿ ಶಾಹೂ ಮಹಾರಾಜರು ಈ ಕಸುಬಿಗೆ ಉತ್ತೇಜನವನ್ನೂ ನೀಡಿದರು. ಕೊಳ್ಳುವವರು ಅಲ್ಲಿಗೆ ಬಂದರು, ಮಾಲೂ ಅಲ್ಲಿಗೇ ಹೋಯಿತು. ಗೋಕಾಕದ ಕರದಂಟು ಎಲ್ಲಿ ಹೋದರೂ ತನ್ನ ಊರಿನ ಹೆಸರನ್ನು ಹೊತ್ತೇ ಹೋಗುತ್ತದೆ. ಅಥಣಿಯ ಚಪ್ಪಲಿಗೆ ಆ ಭಾಗ್ಯವಿರಲಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದರ ಹಕ್ಕು ಲಭಿಸಿತು. ಗಡಿಯ ಗೆರೆಯನ್ನು ಕಸುಬು ಎಂದೂ ಗಣಿಸಿರಲಿಲ್ಲ; ಕಾನೂನು ಆ ಮಾತನ್ನು ತಡವಾಗಿಯಾದರೂ ಒಪ್ಪಿಕೊಂಡಿತು.

ಊರಿನ ಹೆಸರು ಮರೆಯಾದುದು ಸಣ್ಣ ಮಾತು. ಮಾಡಿದವರ ಮಾನವೇ ಮರೆಯಾದುದು ದೊಡ್ಡ ಮಾತು. ತೊಗಲನ್ನು ಹದಮಾಡುವ ಢೋರರು, ಅದನ್ನು ಹೊಲಿಯುವ ಸಮಗಾರರು ಶತಮಾನಗಳ ಕಾಲ ಊರಿನ ಅಂಚಿನಲ್ಲಿಯೇ ಬಾಳಿದರು. ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡುವುದು ಶುಚಿತ್ವದ ಮಾತು. ಅದನ್ನು ಮಾಡಿದವನೂ ಹೊರಗೆಯೇ ನಿಲ್ಲಬೇಕೆಂದುದು ಅನ್ಯಾಯದ ಮಾತು. ಈ ಎರಡನ್ನೂ ಒಂದೇ ಎಂದು ಬಗೆದ ಸಮಾಜವು ತನ್ನ ಕಾಲಿಗೆ ಸುಖವಿತ್ತವರಿಗೆ ಬದಲಾಗಿ ಅವಮಾನವನ್ನಿತ್ತಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದಕ್ಕೆ ಬೇರೊಂದು ಉತ್ತರ ಮೂಡಿತ್ತು. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದಾಗ, ಅವನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಹೊತ್ತರೆಂಬುದು ಐತಿಹ್ಯ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳಿಗೂ ವಿವಾಹವಾದಾಗ ಆ ಬೀಗರಿಬ್ಬರೂ ಪ್ರಾಣವನ್ನೇ ತೆರಬೇಕಾಯಿತು. ಅಸ್ಪೃಶ್ಯತೆಯನ್ನು ಕಾನೂನು ತೊಡೆದುಹಾಕಲು 1950ರಲ್ಲಿ ಜಾರಿಗೆ ಬಂದ ಸಂವಿಧಾನದವರೆಗೂ ಕಾಯಬೇಕಾಯಿತು. ಇಂದಿಗೂ ಜಗಳದಲ್ಲಿ ಚಪ್ಪಲಿಯ ಹೆಸರೆತ್ತಿ ಹೀಯಾಳಿಸುವವರು ಯಾರ ದುಡಿಮೆಯನ್ನು ಹೀಯಾಳಿಸುತ್ತಿದ್ದೇವೆಂದು ಯೋಚಿಸುವುದಿಲ್ಲ.

ಅಗ್ಗದ ರಬ್ಬರಿನ ಹವಾಯಿ ಚಪ್ಪಲಿ ಬಂದ ಮೇಲೆ ಈ ಕಸುಬು ಸೊರಗಿತೆಂದು ಹಲವರು ಮರುಗುತ್ತಾರೆ. ರಬ್ಬರನ್ನು ಹಳಿಯುವುದು ನ್ಯಾಯವಲ್ಲ. ಮಳೆಗೆ ತೊಗಲು ತಾಳದು, ರಬ್ಬರು ತಾಳುತ್ತದೆ. ಬರಿಗಾಲಲ್ಲಿ ನಡೆಯುತ್ತಿದ್ದ ಎಷ್ಟೋ ಬಡವರ ಪಾದಗಳನ್ನು ಅದು ಮುಳ್ಳಿನಿಂದ ಕಾಪಾಡಿದೆ. ಚಪ್ಪಲಿ ಮಾಡುವವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದರೆ ಅದಕ್ಕೂ ಮರುಗಬೇಕಾಗಿಲ್ಲ. ಹುಟ್ಟಿನ ಕಾರಣದಿಂದ ಯಾರೂ ಯಾವ ಕಸುಬಿಗೂ ಕಟ್ಟುಬಿದ್ದವರಲ್ಲ. ಬೇಕಾದುದು ಬೇರೆಯೇ ಇದೆ: ಯಾವ ಮನೆಯ ಮಗುವೇ ಆಗಲಿ, ಇಷ್ಟಪಟ್ಟು ಈ ಕೆಲಸವನ್ನು ಕಲಿಯಲು ಮುಂದಾಗುವಷ್ಟು ಗೌರವ, ಕಲಿತವರು ಹೊಟ್ಟೆ ತುಂಬ ಉಣ್ಣುವಷ್ಟು ಕೂಲಿ. ರಾಜ್ಯ ಸರಕಾರವು 1976ರಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಲಿಡ್ಕರ್ ಎಂಬುದು ಅದರ ಪರಿಚಿತ ಹೆಸರು. ನಿಗಮಗಳು ತರಬೇತಿ ಕೊಡಬಲ್ಲವು, ಮಳಿಗೆ ತೆರೆಯಬಲ್ಲವು. ಕೊಳ್ಳುವವನು ಕಡೆಯ ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡುವುದನ್ನು ಅವು ತಡೆಯಲಾರವು.

ಬೆಲೆಯ ವಿಚಾರದಲ್ಲಿ ಇತ್ತೀಚಿನ ಒಂದು ಪ್ರಸಂಗ ಗಮನಾರ್ಹವಾಗಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ಹೆಸರಾಂತ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಪಾದರಕ್ಷೆಗಳನ್ನು ಮುಂದಿಟ್ಟು, ಅವನ್ನು ಬರಿಯ ಚರ್ಮದ ಸ್ಯಾಂಡಲ್ ಎಂದು ಕರೆಯಿತು. ಭಾರತದಲ್ಲಿ ಆಕ್ಷೇಪಗಳು ಎದ್ದವು. ಸಂಸ್ಥೆಯು ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಚರ್ಮ ನಿಗಮಗಳೊಡನೆ ಒಪ್ಪಂದವಾಗಿ, ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ 2000 ಜೊತೆ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯೂರೊದಂತೆ ಮಾರುವುದೆಂದು ನಿಶ್ಚಯವಾಯಿತು. ಹುಕ್ಕೇರಿಯ ಕೊಳ್ಳುಗನು ಅಷ್ಟು ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಕೈಯ ಅದೇ ಕೆಲಸಕ್ಕೆ ಮಿಲಾನಿನಲ್ಲಿ ಒಂದು ಮರ್ಯಾದೆ, ಮನೆಯ ಮುಂದಿನ ಸಂತೆಯಲ್ಲಿ ಇನ್ನೊಂದು ಮರ್ಯಾದೆ ಇರುವುದು ಸೋಜಿಗವಲ್ಲವೇ?

ಸಂತೆಯಲ್ಲಿ ಈಗ ಕೊಲ್ಹಾಪುರಿ ಎಂಬ ಹೆಸರಿನಲ್ಲಿಯೇ ಕೃತಕ ಚರ್ಮದ ಚಪ್ಪಲಿಗಳೂ ನೇತಾಡುತ್ತಿರುತ್ತವೆ. ಅವನ್ನು ಗುರುತಿಸುವುದು ಕಷ್ಟವಲ್ಲ. ಕೈಗೆತ್ತಿಕೊಂಡು ಮೂಸಿದರೆ ಅಳಲೆಯ ಒಗರು ವಾಸನೆ ಇರುವುದಿಲ್ಲ. ತಿರುಗಿಸಿ ಅಟ್ಟೆಯ ಅಂಚನ್ನು ನೋಡಿದರೆ ತೊಗಲಿನ ಎಳೆಯ ಹೊಲಿಗೆಯ ಬದಲು ಅಂಟೋ ಮೊಳೆಯೋ ಕಾಣುತ್ತದೆ.