ಗೋಕುಲ ರಸ್ತೆಯಿಂದ ಮುಂಡಗೋಡಿಗೆ

ಹುಬ್ಬಳ್ಳಿಯ ವಿಮಾನ ನಿಲ್ದಾಣದ ಹೊಸ ಕಟ್ಟಡಕ್ಕೆ 2024ರ ಮಾರ್ಚಿ 10ರಂದು ಪ್ರಧಾನಮಂತ್ರಿಗಳು ಆಜಮಗಡದಲ್ಲಿದ್ದುಕೊಂಡೇ ಅಡಿಗಲ್ಲನ್ನಿರಿಸಿದರು. ಅಂದಿನಿಂದ ಈ ಊರಿನ ವರ್ತಕರ ಕಟ್ಟೆಯಲ್ಲಿಯೂ ವಕೀಲರ ಕೋಣೆಯಲ್ಲಿಯೂ ಅದರ ವಿಸ್ತಾರ, ಅದರ ವೆಚ್ಚ, ಅದರ ಹೆಸರು ಇವುಗಳ ಮಾತೇ ಮಾತಾಗಿರುವದು. ಸಂಗೊಳ್ಳಿ ರಾಯಣ್ಣನ ಹೆಸರನ್ನಿಡಬೇಕೆಂದು 2023ರ ಡಿಸೆಂಬರದಲ್ಲಿ ನಮ್ಮ ವಿಧಾನಸಭೆಯು ನಿರ್ಣಯಿಸಿದ್ದು ಯೋಗ್ಯವೇ ಸರಿ. ಆ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದರೆ ಈ ನಿಲ್ದಾಣದಲ್ಲಿ ಇಳಿಯುವವರು ಯಾರು, ಇಳಿದು ಎಲ್ಲಿಗೆ ಹೋಗುವರು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತೆ ತೋರುವದಿಲ್ಲ.

ಚಳಿಗಾಲದ ಯಾವದಾದರೊಂದು ದಿವಸ ವಿದ್ಯಾನಗರದಿಂದ ಗೋಕುಲ ರಸ್ತೆಗೆ ಹೋಗಿ ನಿಲ್ದಾಣದ ಹೊರಬಾಗಿಲಿನಲ್ಲಿ ಅರ್ಧ ತಾಸು ನಿಂತ ವಾಚಕರಿಗೆ ಉತ್ತರವು ತಾನಾಗಿಯೇ ದೊರೆಯುವದು. ಅಧಿಕಾರಿಗಳು, ಉದ್ಯಮಿಗಳು, ಬೆಂಗಳೂರಿನಿಂದ ರಜೆಗೆ ಬಂದ ತರುಣರು ಇವರ ನಡುವೆ ಕೆಂಗಾವಿಯ ಬಟ್ಟೆಯನ್ನುಟ್ಟ ಭಿಕ್ಷುಗಳು ಕಾಣುವರು. ಇವರು ತಡಸದ ಮಾರ್ಗವಾಗಿ ಮುಂಡಗೋಡಿಗೆ ಹೋಗತಕ್ಕವರು. ಅಲ್ಲಿ 1966ರಲ್ಲಿ, ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲಕ್ಕೆ, ಮೈಸೂರು ಸರಕಾರವು ಸುಮಾರು 4000 ಎಕರೆ ಅಡವಿಯ ನೆಲವನ್ನು ಟಿಬೇಟದ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಮೂರು ವರ್ಷಗಳ ಬಳಿಕ ಬಂಗಾಲದ ಬಕ್ಸಾ ಶಿಬಿರದಲ್ಲಿ ರೋಗ ರುಜಿನಗಳಿಂದ ಬಳಲಿ ಉಳಿದ ಭಿಕ್ಷುಗಳು ಇಲ್ಲಿಗೆ ಬಂದು, 1409ರಲ್ಲಿ ಲ್ಹಾಸಾದ ಸಮೀಪ ಸ್ಥಾಪಿತವಾದ ಗಾಂದೆನ್ ಮಠವನ್ನೂ 1416ರ ದ್ರೆಪುಂಗ್ ಮಠವನ್ನೂ ಮೆಕ್ಕೆಜೋಳದ ಹೊಲಗಳ ನಡುವೆ ಪುನಃ ಕಟ್ಟಿದರು. ಇಂದು ಸಾವಿರಾರು ವಿದ್ಯಾರ್ಥಿ ಭಿಕ್ಷುಗಳು ಅಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ತರ್ಕವಾದ ಮಾಡುತ್ತ ಇಪ್ಪತ್ತು ವರ್ಷಗಳ ಮಟ್ಟಿಗೆ ಶಾಸ್ತ್ರಾಧ್ಯಯನ ನಡೆಸುವರು. ನಮ್ಮಂಥ ಹಳೆಯ ಪಾಠಶಾಲೆಯವರಿಗೆ ಇದು ಅಪರಿಚಿತವಾದ ದೃಶ್ಯವಲ್ಲ. ಗಾಂದೆನ್ ಮಠದ ಸಂಸ್ಥಾಪಕ ಚೋಂಖಾಪಾ ಆಚಾರ್ಯರ ಆರುನೂರನೆಯ ಪುಣ್ಯತಿಥಿಯು 2019ರ ಡಿಸೆಂಬರದಲ್ಲಿ ದಲಾಯಿ ಲಾಮಾ ಅವರ ಸಮಕ್ಷಮ ನಡೆದದ್ದು ಲ್ಹಾಸಾದಲ್ಲಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ.

ಇದನ್ನು ಪರದೇಶೀಯರ ಧರ್ಮವೆಂದು ಅಲಕ್ಷಿಸುವವರಿಗೆ ಒಂದು ಮಾತು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನು ವನವಾಸಕ್ಕೆ ಧರ್ಮಪ್ರಸಾರಕ್ಕಾಗಿ ಹೋದನೆಂದು ಸಿಂಹಳದ ಮಹಾವಂಶವು ಹೇಳುವದು. ಅದು ನಮ್ಮ ಬನವಾಸಿಯೇ ಎಂದು ಅನೇಕ ವಿದ್ವಾಂಸರ ಮತ. ಗದಗಿನ ಹತ್ತಿರದ ಡಂಬಳದಲ್ಲಿರುವ 1095ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ತಾರಾದೇವಿಯ ವಿಹಾರಕ್ಕೂ ದತ್ತಿ ಬಿಟ್ಟುದನ್ನು ತಿಳಿಸುವದು. ಹುಬ್ಬಳ್ಳಿಯ ಸೆಟ್ಟರು ಇದನ್ನು ಗಮನಿಸಬೇಕು. ಅಂದು ವಿಹಾರವನ್ನು ಕಟ್ಟಿಸಿದವರು ಅರಸರಲ್ಲ, ವರ್ತಕರು.

ಇಂತಹ ಕ್ಷೇತ್ರಕ್ಕೆ ಹೆಬ್ಬಾಗಿಲು ನಮ್ಮ ನಿಲ್ದಾಣ. ಆದರೆ ಬಾಗಿಲಿಗೆ ಒಂದು ಬೀಗವಿರುವದು. ಭಾರತೀಯರು ಮುಂಡಗೋಡಿನ ವಸತಿಗೆ ನಿರಾತಂಕವಾಗಿ ಹೋಗಬಹುದು. ಪರದೇಶದ ಯಾತ್ರಿಕರಾದರೋ ಕೇಂದ್ರದ ಗೃಹಖಾತೆಯಿಂದ ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ಪಡೆದಿರಬೇಕು. ಅದಕ್ಕೆ ತಿಂಗಳುಗಟ್ಟಲೆ ಮುಂಚಿತವಾಗಿ ಅರ್ಜಿ ಹಾಕತಕ್ಕದ್ದು. ಬುದ್ಧಗಯೆಗೆ ಹೋಗುವವನಿಗೆ ಈ ನಿರ್ಬಂಧವಿಲ್ಲ. ಕೆಲ ಚಳಿಗಾಲಗಳ ಹಿಂದೆ ಮಂಗೋಲಿಯಾದ ವೃದ್ಧ ದಂಪತಿಗಳಿಬ್ಬರು, ದ್ರೆಪುಂಗಿನಲ್ಲಿ ಓದುತ್ತಿರುವ ಮಗನನ್ನು ನೋಡಲೆಂದು ಹುಬ್ಬಳ್ಳಿಯ ವರೆಗೆ ಬಂದಿಳಿದಿದ್ದರು. ಪರವಾನಗಿಯ ಕಾಗದವು ಬಂದಿರಲಿಲ್ಲ. ನಮ್ಮ ಕಾರ್ಯಾಲಯದ ಸಮೀಪದ ವಸತಿಗೃಹವೊಂದರಲ್ಲಿ ನಾಲ್ಕು ದಿವಸ ಕುಳಿತರು. ಮಗನೇ ಬಸ್ಸು ಹತ್ತಿ ಇಲ್ಲಿಗೆ ಬಂದನು. ತಾಯಿಯು ತನ್ನ ಕೈಯಾರೆ ನೆಯ್ದು ತಂದಿದ್ದ ರೇಶ್ಮೆಯ ಪಟವನ್ನು ದೇವರ ಮುಂದೆ ತಾನೇ ಇರಿಸಬೇಕೆಂದಿದ್ದವಳು ಮಗನ ಕೈಗೆ ಕೊಟ್ಟು ಹಿಂತಿರುಗಿದಳು. ನಮ್ಮ ಭಾಷೆ ಅವರಿಗೆ ಬಾರದು, ಅವರದು ನಮಗೆ ಬಾರದು. ನಾಚಿಕೆಯಾಗಲು ಭಾಷೆ ಬೇಕಿರಲಿಲ್ಲ.

ಬಲಿಷ್ಠವಾದ ನೆರೆಯ ರಾಷ್ಟ್ರವೊಂದರ ಕಣ್ಣು ಈ ವಸತಿಗಳ ಮೇಲಿರುವದೆಂಬ ಅಧಿಕಾರಿವರ್ಗದ ಶಂಕೆಯು ನಿರಾಧಾರವಾದುದೆಂದು ನಾವು ಹೇಳುವದಿಲ್ಲ. ವಿಚಾರಣೆಯಾಗಲಿ. ಆದರೆ ದೇಶದೊಳಗೆ ಬರುವ ಅಪ್ಪಣೆಯನ್ನು ಕೊಡುವಾಗ ಒಮ್ಮೆ ವಿಚಾರಿಸಿಯೇ ಬಿಟ್ಟವನನ್ನು, 45 ಕಿಲೋಮೀಟರು ದಾರಿಗಾಗಿ ಮತ್ತೊಮ್ಮೆ ತಿಂಗಳಾನುಗಟ್ಟಲೆ ಕಾಯಿಸುವದರಿಂದ ಯಾವ ಗೂಢಚಾರನು ಸಿಕ್ಕಿಬೀಳುವನು?

ಕಟ್ಟಡವನ್ನು ಕಟ್ಟಿದರೆ ಯಾತ್ರಿಕರು ತಾವಾಗಿಯೇ ಬರುವರೆಂದು ನಂಬುವವರು ಕುಶಿನಗರದ ಕಡೆಗೆ ನೋಡಬೇಕು. ಬುದ್ಧನ ಪರಿನಿರ್ವಾಣದ ಆ ಸ್ಥಳದಲ್ಲಿ 2021ರ ಅಕ್ಟೋಬರ 20ರಂದು ಅಂತರರಾಷ್ಟ್ರೀಯ ನಿಲ್ದಾಣವು ಉದ್ಘಾಟಿತವಾಯಿತು. 3200 ಮೀಟರು ಉದ್ದದ ಓಡುದಾರಿ. ಮೊದಲ ವಿಮಾನದಲ್ಲಿ ಕೊಲಂಬೊದಿಂದ ನೂರಕ್ಕೂ ಹೆಚ್ಚು ಭಿಕ್ಷುಗಳೂ ಗಣ್ಯರೂ ಬಂದಿಳಿದರು. ಆ ಸಂಭ್ರಮದ ತರುವಾಯ ಪರದೇಶದ ನಿಯತ ವಿಮಾನಗಳು ಬರಲಿಲ್ಲ. ದಿಲ್ಲಿಯ ಸಂಚಾರವೂ ಎರಡು ಮೂರು ವರ್ಷಗಳೊಳಗೇ ನಿಂತಿತು. ಲುಂಬಿನಿಗಾಗಿ ನೇಪಾಳವು ಸಾಲಮಾಡಿ ಕಟ್ಟಿ 2022ರ ಬುದ್ಧ ಪೂರ್ಣಿಮೆಯಂದು ತೆರೆದ ಭೈರಹವಾದ ನಿಲ್ದಾಣದ ಆರಂಭದ ವರ್ಷಗಳ ಕಥೆಯೂ ಬಹಳ ಬೇರೆಯಲ್ಲ. ಅತ್ತ ಗಯೆಯಲ್ಲಿ ಮಾತ್ರ ಚಳಿಗಾಲ ಬಂದೊಡನೆ ಬ್ಯಾಂಕಾಕದಿಂದಲೂ ಯಾಂಗೋನದಿಂದಲೂ ವಿಮಾನಗಳು ಬರುವವು. ಏಕೆಂದರೆ ಅಲ್ಲಿ ಯಾತ್ರೆಗೊಂದು ಋತುವಿದೆ, ಆ ಋತುವಿಗೆ ತಕ್ಕ ವೇಳಾಪತ್ರಿಕೆಯಿದೆ, ಇಳಿದವನನ್ನು ಕರೆದೊಯ್ಯುವವರಿದ್ದಾರೆ.

ನಮ್ಮ ನಿಲ್ದಾಣವೂ ಇಂಥ ಏರಿಳಿತಗಳನ್ನು ಕಂಡುದೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರ ಆಗಸ್ಟದಲ್ಲಿ ಹುಬ್ಬಳ್ಳಿ–ಬೆಂಗಳೂರು ವಿಮಾನವನ್ನು ಹಾರಿಸಿದಾಗ ಜನರು ಜಾತ್ರೆಯಂತೆ ನೆರೆದಿದ್ದರು. ಆ ಕಂಪನಿಯು ಕಿಂಗಫಿಶರದೊಳಗೆ ಸೇರಿತು, ಕಿಂಗಫಿಶರ 2012ರಲ್ಲಿ ನಿಂತಿತು. ಉಡಾನ್ ಯೋಜನೆಯ ಸಹಾಯಧನವೂ ಒಂದೊಂದು ಮಾರ್ಗಕ್ಕೆ ಮೂರು ವರ್ಷಗಳ ಮಟ್ಟಿಗೆ ಮಾತ್ರ. ಆಮೇಲೆ ವಿಮಾನವನ್ನು ಹಿಡಿದಿರಿಸುವವನು ಪ್ರಯಾಣಿಕನೇ ಹೊರತು ಸರಕಾರವಲ್ಲ. ವ್ಯಾಪಾರ ಕುಗ್ಗಿದ ವರ್ಷದಲ್ಲಿಯೂ ತಪ್ಪದೆ ಬರುವ ಪ್ರಯಾಣಿಕನೆಂದರೆ ಯಾತ್ರಿಕ.

ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಮುಂಡಗೋಡಿಗೆ ಏಳೆಂಟು ದಿವಸಗಳ ಮಟ್ಟಿಗಿನ ಪರವಾನಗಿಯನ್ನು ಹುಬ್ಬಳ್ಳಿಯ ನಿಲ್ದಾಣದಲ್ಲಿಯೇ ಕೊಡುವ ಅಧಿಕಾರಿಯೊಬ್ಬನನ್ನು ಗೃಹಖಾತೆಯು ನೇಮಿಸಲಿ. ನವಂಬರದಿಂದ ಫೆಬ್ರುವರಿಯ ವರೆಗೆ, ವಿಮಾನಗಳ ವೇಳೆಯನ್ನನುಸರಿಸಿ, ಸಾರಿಗೆ ಸಂಸ್ಥೆಯು ನಿಲ್ದಾಣದ ಬಾಗಿಲಿನಿಂದ ತಡಸದ ಮೇಲೆ ಮುಂಡಗೋಡಿಗೆ ಬಸ್ಸನ್ನು ಓಡಿಸಲಿ. ಅದರ ಫಲಕದಲ್ಲಿ ಕನ್ನಡದ ಕೆಳಗೆ ಟಿಬೇಟ ಲಿಪಿಯೂ ಇರಲಿ. ಧಾರವಾಡ ಹಾಗೂ ಉತ್ತರ ಕನ್ನಡದ ಲೋಕಸಭಾ ಸದಸ್ಯರಿಬ್ಬರೂ ಕೂಡಿ ದಿಲ್ಲಿಯಲ್ಲಿ ಈ ಮಾತನ್ನೆತ್ತಬೇಕು. ನಮ್ಮೂರಿನ ವಾಣಿಜ್ಯೋದ್ಯಮ ಸಂಸ್ಥೆಯವರು ಮನವಿಯ ಕಾಗದವನ್ನು ಸಿದ್ಧಪಡಿಸುವದಾದರೆ, ಚಳಿಗಾಲದಲ್ಲಿ ಇಲ್ಲಿ ಸ್ವೆಟರ್ ಮಾರಲು ಬರುವ ಟಿಬೇಟದ ಹೆಂಗಸರ ಸಹಿಯನ್ನೂ ಅದರ ಕೆಳಗೆ ತೆಗೆದುಕೊಳ್ಳಲಿ. ನಮ್ಮ ಸಹಿಯು ಈಗಲೇ ಸಿದ್ಧವಾಗಿರುವದು.